ಕ್ಯಾಸನೂರು ಕಾಡಿನ ಕಾಯಿಲೆ: ಪ್ರಸರಣದ ದಾರಿ ಮತ್ತು ತಡೆಯ ಪ್ರಯತ್ನಗಳು

ಸಾಂಕ್ರಾಮಿಕ ರೋಗವೆಂದೊಡನೆ ರೋಗಿಯಿಂದ ಆರೋಗ್ಯವಂತನಿಗೆ ಅಂಟುವ ವ್ಯಾಧಿಯ ಚಿತ್ರವೇ ಸಾಮಾನ್ಯವಾಗಿ ಕಣ್ಣಮುಂದೆ ಬರುತ್ತದೆ. ಕ್ಷಯ ಉಸಿರಿನಿಂದ, ಕಾಲರಾ ಮಲಿನಗೊಂಡ ನೀರಿನಿಂದ, ಸಿಡುಬು ರೋಗಿಯ ಸಾಮೀಪ್ಯದಿಂದ ಹರಡಿದ ವ್ಯಾಧಿಗಳು. ಇವುಗಳಲ್ಲಿ ರೋಗಾಣು ಮನುಷ್ಯನಿಂದ ಮನುಷ್ಯನಿಗೆ ದಾಟುತ್ತ ತನ್ನ ಸಂತತಿಯನ್ನು ಉಳಿಸಿಕೊಳ್ಳುತ್ತದೆ. ಸಿಡುಬಿನ ವೈರಸ್ಸಿಗಂತೂ ಮನುಷ್ಯನ ಹೊರತು ಬೇರೆ ಆಶ್ರಯವೇ ಇರಲಿಲ್ಲ. ಆದ್ದರಿಂದಲೇ ರೋಗಿಯನ್ನು ಪ್ರತ್ಯೇಕಿಸಿ ಸುತ್ತಲಿನವರಿಗೆ ಲಸಿಕೆ ಹಾಕುವ ಕ್ರಮದಿಂದ ಅದನ್ನು ಭೂಮಂಡಲದಿಂದಲೇ ಅಳಿಸುವುದು ಸಾಧ್ಯವಾಯಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ನಿರ್ಮೂಲನವನ್ನು ಘೋಷಿಸಿತು.

ಇದಕ್ಕೆ ತೀರ ಭಿನ್ನವಾದ ಮತ್ತೊಂದು ವರ್ಗದ ರೋಗಗಳಿವೆ. ಅವುಗಳ ರೋಗಾಣುಗಳು ಕಾಡುಪ್ರಾಣಿಗಳು ಮತ್ತು ಅವುಗಳ ರಕ್ತ ಹೀರುವ ಜೀವಿಗಳ ನಡುವೆ ಸದ್ದಿಲ್ಲದೆ ಸುತ್ತುತ್ತಿರುತ್ತವೆ. ಮನುಷ್ಯ ಆ ಸುತ್ತಿನೊಳಕ್ಕೆ ಕಾಲಿಟ್ಟಾಗ ಮಾತ್ರ ರೋಗ ಬೆಳಕಿಗೆ ಬರುತ್ತದೆ. ಮಲೆನಾಡಿನಲ್ಲಿ ‘ಮಂಗನ ಕಾಯಿಲೆ’ ಎಂದು ಹೆಸರಾದ ಕ್ಯಾಸನೂರು ಕಾಡಿನ ಕಾಯಿಲೆ ಈ ವರ್ಗಕ್ಕೆ ಸೇರಿದ್ದು. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡಿದ ದಾಖಲೆಯಿಲ್ಲ. ವೈರಸ್ಸಿನ ದೃಷ್ಟಿಯಿಂದ ಮನುಷ್ಯದೇಹ ದಾರಿ ಮುಗಿಯುವ ಸ್ಥಳ. ಹೀಗಿದ್ದೂ ರೋಗದ ಏರಿಳಿತವನ್ನು ನಿರ್ಧರಿಸುವಲ್ಲಿ ಮನುಷ್ಯನ ಬೇಸಾಯ, ದನಸಾಕಣೆ, ಕಾಡಿನ ಬಳಕೆ ಇವುಗಳ ಪಾತ್ರ ದೊಡ್ಡದು. ಈ ವಿರೋಧಾಭಾಸವನ್ನು ಗಮನಿಸದೆ ರೋಗದ ಪ್ರಸರಣವನ್ನಾಗಲಿ ತಡೆಯ ಕ್ರಮಗಳ ಸೋಲುಗೆಲುವನ್ನಾಗಲಿ ಅರ್ಥಮಾಡಿಕೊಳ್ಳುವುದು ಕಷ್ಟ.

ಮೊದಲ ಪತ್ತೆ

1957ರ ಬೇಸಗೆಯ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬೀಳುತ್ತಿರುವ ಸುದ್ದಿ ಹೊರಬಂದಿತು. ಅದೇ ಕಾಲಕ್ಕೆ ಕಾಡಿನ ಅಂಚಿನ ಹಳ್ಳಿಗಳಲ್ಲಿ ಜನರಿಗೂ ತೀವ್ರ ಜ್ವರ ಬರತೊಡಗಿತ್ತು. ಮಂಗಗಳ ಸಾವು, ಜನರಲ್ಲಿ ರಕ್ತಸ್ರಾವದೊಡನೆ ಬರುವ ಜ್ವರ, ಇವೆರಡೂ ಒಟ್ಟಿಗೆ ಕಂಡದ್ದರಿಂದ ವಿಜ್ಞಾನಿಗಳ ಮನಸ್ಸಿನಲ್ಲಿ ಮೊದಲು ಎದ್ದ ಶಂಕೆ ಹಳದಿ ಜ್ವರದ್ದು. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಆ ರೋಗ ಏಷ್ಯಾಖಂಡವನ್ನು ಎಂದೂ ಹೊಕ್ಕಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಇಲ್ಲಿ ಬೇಕಾದಷ್ಟಿತ್ತು. ಆದ್ದರಿಂದ ಶಂಕೆಯ ಹಿಂದಿದ್ದ ಭಯ ಸಣ್ಣದಾಗಿರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಕೂಡಿ 1952ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ವೈರಸ್ ಸಂಶೋಧನ ಕೇಂದ್ರದ ತಂಡ (ಈ ಕೇಂದ್ರವೇ ಮುಂದೆ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು) ಟೆಲ್‌ಫರ್ಡ್ ವರ್ಕ್ ಅವರ ನೇತೃತ್ವದಲ್ಲಿ ಕ್ಯಾಸನೂರಿಗೆ ಬಂದಿತು. ಪರೀಕ್ಷೆಯಿಂದ ಹಳದಿ ಜ್ವರದ ಶಂಕೆ ನಿವಾರಣೆಯಾಯಿತು. ಆದರೆ ಸತ್ತ ಮಂಗಗಳಿಂದಲೂ ರೋಗಿಗಳಿಂದಲೂ ಬೇರ್ಪಡಿಸಿದ ವೈರಸ್ ಮತ್ತೊಂದು ಅಚ್ಚರಿಯನ್ನು ಒಡ್ಡಿತು. ಅದು ಸೈಬೀರಿಯದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ರಷ್ಯನ್ ವಸಂತ-ಗ್ರೀಷ್ಮ ಮೆದುಳುಜ್ವರದ ವೈರಸ್ಸಿಗೆ ಹತ್ತಿರದ ಬಂಧುವಾಗಿತ್ತು. ಸೈಬೀರಿಯದ ರೋಗದ ಸೋದರ ಸಹ್ಯಾದ್ರಿಗೆ ಬಂದದ್ದು ಹೇಗೆ? ವಲಸೆಹಕ್ಕಿಗಳು ಉಣುಗುಗಳನ್ನು ಹೊತ್ತು ತಂದಿರಬಹುದೆಂಬ ಊಹೆ ಆಗ ಬಲವಾಗಿತ್ತು. ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ನಡೆಸಿದ ವಲಸೆಯ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತದ್ದು ಈ ಹಿನ್ನೆಲೆಯಲ್ಲಿಯೇ. ಊಹೆ ಸಿದ್ಧವಾಗಲಿಲ್ಲ, ಪಕ್ಷಿಶಾಸ್ತ್ರಕ್ಕೆ ಮಾತ್ರ ದೊಡ್ಡ ಲಾಭವಾಯಿತು.

ಜನರು ಇಟ್ಟ ಹೆಸರಿನ ಬಗೆಗೆ ಇಲ್ಲಿ ಒಂದು ಮಾತು ಹೇಳಬೇಕು. ‘ಮಂಗನ ಕಾಯಿಲೆ’ ಎಂಬ ಹೆಸರು ರೋಗದ ಹೊಣೆಯನ್ನು ಮಂಗನ ಮೇಲೆ ಹೊರಿಸುವಂತಿದೆ. ವಾಸ್ತವದಲ್ಲಿ ಮಂಗವೂ ಮನುಷ್ಯನಂತೆ ಈ ರೋಗಕ್ಕೆ ಬಲಿಯಾಗುವ ಪ್ರಾಣಿಯೇ ಆಗಿದ್ದು, ಬಹುಬಾರಿ ಮನುಷ್ಯನಿಗಿಂತ ಮೊದಲು ಬಲಿಯಾಗುತ್ತದೆ. ಅದರ ಸಾವು ಹಳ್ಳಿಗೆ ಸಿಗುವ ಮೊದಲ ಎಚ್ಚರಿಕೆ.

ಉಣುಗಿನ ವರ್ಷಚಕ್ರ

ರೋಗದ ಮುಖ್ಯ ವಾಹಕ ‘ಹೀಮಾಫೈಸಾಲಿಸ್ ಸ್ಪೈನಿಜೆರ’ ಎಂಬ ಉಣುಗು. ಉಣ್ಣೆ ಎಂದೂ ಇದನ್ನು ಕರೆಯುವುದುಂಟು. ಇದು ಕೀಟವಲ್ಲ, ಜೇಡ ಮತ್ತು ಚೇಳುಗಳ ಬಳಗಕ್ಕೆ ಸೇರಿದ ಜೀವಿ. ತನ್ನ ಜೀವಿತದಲ್ಲಿ ಲಾರ್ವ, ನಿಂಫ್, ಪ್ರೌಢ ಎಂಬ ಮೂರು ಹಂತಗಳನ್ನು ಕಾಣುತ್ತದೆ. ಪ್ರತಿ ಹಂತದಲ್ಲಿಯೂ ಒಮ್ಮೆ ಒಂದು ಪ್ರಾಣಿಯ ರಕ್ತ ಹೀರಿ, ನೆಲಕ್ಕೆ ಬಿದ್ದು, ಪೊರೆ ಕಳಚಿ ಮುಂದಿನ ಹಂತಕ್ಕೆ ಹೋಗುತ್ತದೆ. ಒಂದು ಹಂತದಲ್ಲಿ ಹೊಕ್ಕ ವೈರಸ್ ಪೊರೆ ಕಳಚಿದರೂ ಒಳಗೇ ಉಳಿಯುತ್ತದೆ. ಈ ಸಂಗತಿಯೇ ಇಡೀ ಪ್ರಸರಣದ ಕೀಲಿ. ಲಾರ್ವವಾಗಿದ್ದಾಗ ಸೋಂಕಿದ ಪ್ರಾಣಿಯ ರಕ್ತ ಹೀರಿದ ಉಣುಗು ನಿಂಫ್ ಆದಮೇಲೆ ಇನ್ನೊಂದು ಪ್ರಾಣಿಗೆ ಸೋಂಕನ್ನು ದಾಟಿಸುತ್ತದೆ.

ಪ್ರೌಢ ಉಣುಗುಗಳು ಮಳೆಗಾಲದಲ್ಲಿ ಹೆಚ್ಚು. ಅವು ದನ, ಎಮ್ಮೆ ಮತ್ತಿತರ ದೊಡ್ಡ ಪ್ರಾಣಿಗಳ ಮೈಗೆ ಹತ್ತುತ್ತವೆ. ಹೊಟ್ಟೆತುಂಬ ರಕ್ತ ಕುಡಿದ ಹೆಣ್ಣುಣುಗು ನೆಲಕ್ಕೆ ಬಿದ್ದು ತರಗೆಲೆಗಳ ಅಡಿಯಲ್ಲಿ ರಾಶಿಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಮಳೆಗಾಲ ಕಳೆಯುತ್ತಲೇ ಆರು ಕಾಲಿನ, ಸಾಸಿವೆಗಿಂತ ಸಣ್ಣದಾದ ಲಾರ್ವಗಳು ಹೊರಬಂದು ಇಲಿ, ಮೂಗಿಲಿ, ನೆಲದಲ್ಲಿ ಮೇಯುವ ಹಕ್ಕಿ, ಮಂಗ ಮುಂತಾದವುಗಳ ರಕ್ತ ಹೀರುತ್ತವೆ. ನವೆಂಬರಿನಿಂದ ಮುಂದೆ ಬೇಸಗೆಯವರೆಗೆ ಎಂಟು ಕಾಲಿನ ನಿಂಫ್‌ಗಳ ಕಾಲ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಈ ನಿಂಫ್. ಕಚ್ಚಿದ್ದು ಅನೇಕ ವೇಳೆ ಗಮನಕ್ಕೂ ಬರುವುದಿಲ್ಲ.

ಕಾಡಿನ ಸಣ್ಣ ಪ್ರಾಣಿಗಳಲ್ಲಿ ವೈರಸ್ ಸುತ್ತುತ್ತಿರುವಾಗ ಅದರ ಸುಳಿವು ಹೊರಗೆ ಸಿಗುವುದಿಲ್ಲ. ಮುಸಿಯ ಅಥವಾ ಲಂಗೂರ್ ಮತ್ತು ಕೆಂಪುಮೋರೆಯ ಸಾಮಾನ್ಯ ಮಂಗ, ಈ ಎರಡು ಜಾತಿಗಳಿಗೆ ಸೋಂಕು ತಾಗಿದಾಗ ಪರಿಸ್ಥಿತಿ ಬದಲಾಗುತ್ತದೆ. ಅವುಗಳ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಬಹಳ ಏರುತ್ತದೆ. ಜ್ವರದಿಂದ ನಿಶ್ಶಕ್ತವಾದ ಮಂಗ ಮರದಿಂದ ಇಳಿದು ನೆಲದಲ್ಲಿ ಬಿದ್ದುಕೊಂಡಾಗ ನೂರಾರು ಉಣುಗುಗಳು ಅದರ ಮೈಗೆ ಹತ್ತುತ್ತವೆ. ಮಂಗ ಸತ್ತು ದೇಹ ತಣ್ಣಗಾದೊಡನೆ ಅವೆಲ್ಲ ಕಳಚಿಕೊಂಡು ಅಲ್ಲಿಯೇ ಹರಡಿಕೊಳ್ಳುತ್ತವೆ. ಕೆಲವು ಮಾರು ಅಗಲದ ಆ ನೆಲ ಮುಂದೆ ವಾರಗಟ್ಟಲೆ ಅಪಾಯದ ತಾಣ.

ಇದೇ ತಿಂಗಳುಗಳಲ್ಲಿ ಮಲೆನಾಡಿನ ಮನುಷ್ಯ ಎಲ್ಲಿರುತ್ತಾನೆ ಎಂಬುದನ್ನು ನೋಡಬೇಕು. ಮಳೆಗಾಲಕ್ಕೆ ಬೇಕಾದ ಸೌದೆಯನ್ನು ಕೂಡಿಸಿಕೊಳ್ಳುವುದು ಆಗ. ಅಡಿಕೆ ತೋಟಕ್ಕೂ ಕೊಟ್ಟಿಗೆಗೂ ಬೇಕಾದ ತರಗೆಲೆಯನ್ನು ಸೊಪ್ಪಿನಬೆಟ್ಟದಲ್ಲಿ ಗುಡಿಸಿ ಹೊರೆ ಕಟ್ಟುವುದೂ ಆಗಲೇ. ಗೇರುಬೀಜ ಹೆಕ್ಕುವುದು, ಕಾಡುತ್ಪನ್ನಗಳನ್ನು ಒಟ್ಟುಮಾಡುವುದು, ದನಗಳನ್ನು ಗುಡ್ಡಕ್ಕೆ ಅಟ್ಟಿ ಕಾಯುವುದು, ಎಲ್ಲವೂ ಕಾಡಿನ ಅಂಚಿನ ಕೆಲಸಗಳು. ತರಗೆಲೆಯ ಹೊರೆಯ ಜೊತೆಗೆ ಉಣುಗು ಮನೆಯಂಗಳಕ್ಕೂ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ರೋಗ ಉಲ್ಬಣಿಸುವುದಕ್ಕೆ ನಿಂಫ್‌ಗಳ ಋತು ಮತ್ತು ದುಡಿಮೆಯ ಋತು ಒಂದರ ಮೇಲೊಂದು ಬೀಳುವುದೇ ಕಾರಣ. ಕೂಲಿಯವರು, ಸಣ್ಣ ಹಿಡುವಳಿದಾರರು, ಸೌದೆಗೆ ಹೋಗುವ ಹೆಂಗಸರು ರೋಗಿಗಳ ಪಟ್ಟಿಯಲ್ಲಿ ಹೆಚ್ಚಾಗಿರುವುದರಲ್ಲಿ ಆಶ್ಚರ್ಯವಿಲ್ಲ. ‘ಕಾಡಿಗೆ ಹೋಗಬೇಡಿ’ ಎಂಬ ಸೂಚನೆ ಅವರ ಪಾಲಿಗೆ ಒಲೆ ಉರಿಸಬೇಡಿ ಎಂದಷ್ಟೇ ಸುಲಭ.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಚಳಿ, ಜ್ವರ, ಅಸಾಧ್ಯ ತಲೆನೋವು, ಸೊಂಟ ಮತ್ತು ಮೀನಖಂಡಗಳ ನೋವು ಒಮ್ಮೆಲೇ ತೊಡಗುತ್ತವೆ. ಕಣ್ಣು ಕೆಂಪಾಗುತ್ತದೆ. ಕೆಲವರಲ್ಲಿ ಮೂಗು, ಒಸಡು, ಕರುಳುಗಳಿಂದ ರಕ್ತಸ್ರಾವವಾಗುತ್ತದೆ. ಹೆಚ್ಚಿನವರು ಒಂದೆರಡು ವಾರಗಳಲ್ಲಿ ಚೇತರಿಸಿಕೊಂಡರೂ ಒಂದು ಪಾಲು ರೋಗಿಗಳಿಗೆ ಜ್ವರ ಬಿಟ್ಟು ಕೆಲದಿನಗಳ ಮೇಲೆ ಮರುಕಳಿಸಿ ನರಮಂಡಲದ ಲಕ್ಷಣಗಳು ತೋರುತ್ತವೆ. ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆಂಬುದು ಸಾಮಾನ್ಯ ಅಂದಾಜು. ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ. ದೇಹದ ದ್ರವಾಂಶವನ್ನು ಕಾಯ್ದುಕೊಂಡು ರಕ್ತಸ್ರಾವದ ಮೇಲೆ ಕಣ್ಣಿಟ್ಟು ನಡೆಸುವ ಆರೈಕೆಯೇ ಚಿಕಿತ್ಸೆ.

ದನ, ಕಾಡಂಚು ಮತ್ತು ಬೋಶೆಲ್ಲರ ವಾದ

ವೈರಸ್ ಇಲ್ಲಿನ ಕಾಡಿನಲ್ಲಿ ಬಹುಕಾಲದಿಂದ ಇದ್ದಿರಬಹುದಾದರೆ 1957ರಲ್ಲಿಯೇ ಅದು ಹೀಗೆ ಸಿಡಿದದ್ದೇಕೆ? ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರು ಜಾರ್ಜ್ ಬೋಶೆಲ್. ಕೊಲಂಬಿಯದ ಈ ವೈದ್ಯರು ಅದಕ್ಕೂ ಮೊದಲು ತಮ್ಮ ನಾಡಿನ ಕಾಡುಗಳಲ್ಲಿ ಹಳದಿ ಜ್ವರವನ್ನು ಅಭ್ಯಸಿಸಿದ್ದರು. ಮರ ಉರುಳಿದಾಗ ಮೇಲಿನ ಕೊಂಬೆಗಳಲ್ಲಿದ್ದ ಸೊಳ್ಳೆಗಳು ಕೆಳಗಿಳಿದು ಮರಕಡಿಯುವವರನ್ನು ಮುತ್ತುವುದನ್ನು ಅವರು ಅಲ್ಲಿ ಕಂಡಿದ್ದರು. ಕಾಡಿಗೂ ರೋಗಕ್ಕೂ ನಡುವೆ ಕೊಡಲಿಯೊಂದು ಇರಬಹುದೆಂಬ ಅರಿವಿನೊಡನೆ ಅವರು ಶಿವಮೊಗ್ಗೆಯ ಕಾಡನ್ನು ನೋಡಿದರು. 1969ರಲ್ಲಿ ಪ್ರಕಟವಾದ ಅವರ ವಾದದ ಸಾರ ಹೀಗಿದೆ: ಜನಸಂಖ್ಯೆ ಹೆಚ್ಚಿದಂತೆ ಕಾಡಿನ ನಡುವೆ ಗದ್ದೆಗಳು ಚಾಚಿಕೊಂಡವು, ಮೇವಿಗಾಗಿ ದನಗಳು ಕಾಡನ್ನು ಹೊಕ್ಕವು, ಕಡಿದ ಕಡೆಗಳಲ್ಲಿ ಲಂಟಾನದಂಥ ಪೊದೆಗಳು ಬೆಳೆದು ಸಣ್ಣ ಪ್ರಾಣಿಗಳಿಗೂ ಉಣುಗುಗಳಿಗೂ ನೆಲೆಯಾದವು. ದನದ ರಕ್ತ ಯಥೇಚ್ಛವಾಗಿ ದೊರೆತದ್ದರಿಂದ ಉಣುಗುಗಳ ಸಂಖ್ಯೆ ಹಲವು ಪಟ್ಟು ಏರಿತು, ಮೂಲೆಯಲ್ಲಿ ಸುತ್ತುತ್ತಿದ್ದ ವೈರಸ್ಸಿಗೆ ಹೆದ್ದಾರಿ ತೆರೆಯಿತು.

ದನದ ಪಾತ್ರ ಇಲ್ಲಿ ಸೂಕ್ಷ್ಮವಾದುದು. ದನದ ರಕ್ತದಲ್ಲಿ ಈ ವೈರಸ್ ಹೇಳುವಷ್ಟು ಬೆಳೆಯುವುದಿಲ್ಲ. ದನ ರೋಗದಿಂದ ನರಳುವುದೂ ಇಲ್ಲ. ರೋಗಾಣುವಿಗೆ ಆಸರೆ ನೀಡದೆಯೇ ಅದು ರೋಗವಾಹಕವನ್ನು ಸಾಕುತ್ತದೆ. ದನದ ರಕ್ತವನ್ನಷ್ಟೇ ಪರೀಕ್ಷಿಸಿದ ಪ್ರಯೋಗಾಲಯ ಅದನ್ನು ನಿರ್ದೋಷಿಯೆಂದು ಬಿಟ್ಟುಬಿಡುತ್ತಿತ್ತು.

ಅನಂತರದ ಇತಿಹಾಸ ಬೋಶೆಲ್ಲರ ವಾದಕ್ಕೆ ಒಟ್ಟಾರೆ ಬಲ ಕೊಟ್ಟಿದೆ. ಮೊದಲ ಒಂದೂವರೆ ದಶಕ ಸೊರಬ, ಸಾಗರ, ಶಿಕಾರಿಪುರ ತಾಲ್ಲೂಕುಗಳ ಸುತ್ತಲೇ ಇದ್ದ ರೋಗ 1970ರ ದಶಕದಲ್ಲಿ ಉತ್ತರ ಕನ್ನಡದತ್ತ ಚಾಚಿತು. 1982ರ ಕೊನೆಯಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡುತೋಪಿಗಾಗಿ ಕಾಡನ್ನು ಕಡಿದ ಪ್ರದೇಶದಲ್ಲಿ ಕಾಣಿಸಿಕೊಂಡು ಸಾವಿರಕ್ಕೂ ಮಿಕ್ಕಿ ಜನರನ್ನು ಬಾಧಿಸಿತು. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಸುಟ್ಟ ಅರಣ್ಯ ಸಿಬ್ಬಂದಿಗೆ ರೋಗ ತಗಲಿತು. ಅಲ್ಲಿಂದ ಮುಂದೆ ಕೇರಳದ ವಯನಾಡು, ಗೋವೆಯ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಎಂದು ಸಹ್ಯಾದ್ರಿಯ ಉದ್ದಕ್ಕೂ ಅದರ ಹೆಜ್ಜೆಗಳು ಮೂಡಿದವು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು, 2024ರಲ್ಲಿ ಸಿದ್ದಾಪುರ ತಾಲ್ಲೂಕು ಹೆಚ್ಚು ಪೆಟ್ಟು ತಿಂದವು. ದಟ್ಟ ಕಾಡಿನ ಒಡಲಿಗಿಂತ ಕಾಡು, ತೋಟ, ಗದ್ದೆಗಳು ಹೆಣೆದುಕೊಂಡ ಭೂದೃಶ್ಯದಲ್ಲಿಯೇ ಅಪಾಯ ಹೆಚ್ಚೆಂದು ಈಚಿನ ಅಧ್ಯಯನಗಳೂ ಹೇಳಿವೆ. ಮಲೆನಾಡಿನ ಬಹುಭಾಗ ಅಂಥದೇ ಎಂಬುದು ಚಿಂತೆಗೆ ಕಾರಣ.

ಲಸಿಕೆಯ ಕಥೆ

ರೋಗ ಪತ್ತೆಯಾದ ಮರುವರ್ಷವೇ ಅದರ ಸೈಬೀರಿಯದ ಬಂಧುವಿಗಾಗಿ ತಯಾರಿಸಿದ್ದ ಲಸಿಕೆಯನ್ನು ಇಲ್ಲಿ ಪ್ರಯೋಗಿಸಲಾಯಿತು. ಅದು ರಕ್ಷಣೆ ನೀಡಲಿಲ್ಲ. ಬಳಿಕ ಕ್ಯಾಸನೂರು ವೈರಸ್ಸನ್ನೇ ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಸಿದ್ಧವಾಯಿತು. ಬಹುಕಾಲ ಇದನ್ನು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ತಯಾರಿಸಿತು. ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳ ಅನಂತರ ವರ್ಧಕವಾಗಿ ಒಂದು ಸಲ, ಆಮೇಲೆ ವರ್ಷಕ್ಕೊಮ್ಮೆ ಇದನ್ನು ಹಾಕಿಸಿಕೊಳ್ಳಬೇಕಿತ್ತು. 2005ರಿಂದ 2010ರವರೆಗಿನ ಮಾಹಿತಿಯ ವಿಶ್ಲೇಷಣೆಯಂತೆ ಎರಡು ಸಲ ಪಡೆದವರಲ್ಲಿ ಅದರ ಪರಿಣಾಮ ಶೇ. 62.4, ವರ್ಧಕವನ್ನೂ ಪಡೆದವರಲ್ಲಿ ಶೇ. 82.9. ಅಂಕಿಗಳು ಕಳಪೆಯಲ್ಲ. ಆದರೆ ಚುಚ್ಚಿದ ಜಾಗದಲ್ಲಿ ಬರುವ ನೋವಿಗೆ ಅಂಜಿ, ಒಂದು ದಿನದ ಕೂಲಿ ತಪ್ಪುವುದೆಂದು ಹಿಂಜರಿದು, ಎರಡನೆಯ ಮೂರನೆಯ ಸರದಿಗೆ ಬಾರದವರು ಬಹಳ. ಕಾಗದದ ಮೇಲಿನ ರಕ್ಷಣೆಗೂ ಊರಿನ ರಕ್ಷಣೆಗೂ ಹೀಗೆ ಅಂತರ ಬೆಳೆಯಿತು. ಲಸಿಕೆಯ ಸಾಮರ್ಥ್ಯದ ಬಗೆಗೇ ಪ್ರಶ್ನೆಗಳೆದ್ದು 2022ರ ಹೊತ್ತಿಗೆ ಅದರ ಬಳಕೆ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಯೊಡನೆ ಕೂಡಿ ಹೊಸ ಲಸಿಕೆಯೊಂದನ್ನು ರೂಪಿಸುವ ಕೆಲಸವನ್ನು ಕೈಗೆತ್ತಿಕೊಂಡಿತು.

ಲಸಿಕೆ ಪೂರ್ಣ ಯಶಸ್ವಿಯಾದರೂ ಅದು ಮನುಷ್ಯನನ್ನಷ್ಟೇ ಕಾಯಬಲ್ಲುದು. ಕಾಡಿನೊಳಗಿನ ಸುತ್ತು ಮುರಿಯುವುದಿಲ್ಲ. ಸಿಡುಬಿಗೆ ಆದದ್ದು ಇಲ್ಲಿ ಆಗಲಾರದು.

ಆದ್ದರಿಂದ ಉಳಿದ ಕ್ರಮಗಳೆಲ್ಲ ಉಣುಗಿಗೂ ಮೈಚರ್ಮಕ್ಕೂ ನಡುವಿನ ಅಂತರವನ್ನು ಕಾಯುವಂಥವು. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ, ಬಟ್ಟೆಯಿಂದ ಹೊರಗುಳಿದ ಕೈಕಾಲುಗಳಿಗೆ ಉಣುಗುನಿವಾರಕ ತೈಲದ ಲೇಪ, ಮರಳಿದೊಡನೆ ಬಿಸಿನೀರಿನ ಸ್ನಾನ, ಬಟ್ಟೆಗಳನ್ನು ಕುದಿನೀರಿನಲ್ಲಿ ನೆನೆಸುವುದು ಇವು ಆರೋಗ್ಯ ಇಲಾಖೆಯ ಸಲಹೆಗಳು. ಆರೋಗ್ಯ ಕಾರ್ಯಕರ್ತರು ಹಂಚುವ ‘ಡೇಪಾ’ ತೈಲ ರಕ್ಷಣಾ ಸಂಶೋಧನೆಯ ಕೊಡುಗೆ. ಅದರ ಪ್ರಭಾವ ಕೆಲವೇ ಗಂಟೆಗಳದ್ದು. ಬೆವರಿಳಿಸುವ ಕೆಲಸದಲ್ಲಿ ಮತ್ತೆ ಹಚ್ಚಿಕೊಳ್ಳಬೇಕಾಗುತ್ತದೆ. ದನಗಳಿಗೆ ಉಣುಗುನಾಶಕ ಔಷಧ ಕೊಡುವ ಕ್ರಮ ಬೋಶೆಲ್ಲರ ತಿಳಿವಳಿಕೆಗೆ ನೇರವಾಗಿ ಸಂಬಂಧಿಸಿದ್ದು, ಅದಕ್ಕೆ ದೊರೆತ ಗಮನ ಮಾತ್ರ ಲಸಿಕೆಗೆ ದೊರೆತದ್ದಕ್ಕಿಂತ ಕಡಿಮೆ. ಮನುಷ್ಯನ ಆರೋಗ್ಯ, ದನದ ಆರೋಗ್ಯ, ಕಾಡು ಮೂರೂ ಮೂರು ಇಲಾಖೆಗಳ ಕೈಯಲ್ಲಿರುವುದು ಇದಕ್ಕೆ ಒಂದು ಕಾರಣವಿರಬೇಕು. ಉಣುಗಿಗೆ ಆ ಗಡಿಗಳಿಲ್ಲ.

ಎಲ್ಲಕ್ಕಿಂತ ಮೊದಲಿನದು ಸತ್ತ ಮಂಗದ ಸುದ್ದಿ. ಕಳೇಬರ ಕಂಡವರು ಅದನ್ನು ಮುಟ್ಟದೆ ಕೂಡಲೇ ಆರೋಗ್ಯ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಪಶುವೈದ್ಯರು ರಕ್ಷಾಕವಚ ತೊಟ್ಟು ಮಾದರಿಗಳನ್ನು ತೆಗೆದಮೇಲೆ ಕಳೇಬರವನ್ನು ಸುಡಲಾಗುತ್ತದೆ. ಸುತ್ತ 50 ಮೀಟರ್ ನೆಲಕ್ಕೆ ಮೆಲಥಿಯಾನ್ ಹಾಕಲಾಗುತ್ತದೆ. ಸುದ್ದಿ ತಡವಾಗಿ ಬಂದರೆ ಕಳೇಬರ ಕೊಳೆತಿರುತ್ತದೆ, ಅದರಿಂದ ವೈರಸ್ಸನ್ನು ಗುರುತಿಸುವುದು ಕಷ್ಟ. ಅಂಥ ಸಂದರ್ಭದಲ್ಲಿಯೂ ಆ ಸ್ಥಳದ ಉಣುಗುಗಳು ಸಾಕ್ಷ್ಯ ನುಡಿಯಬಲ್ಲವು. ಸಿಬ್ಬಂದಿ ಬಿಳಿಯ ಬಟ್ಟೆಯೊಂದನ್ನು ತರಗೆಲೆಗಳ ಮೇಲೆ ಮೆಲ್ಲಗೆ ಎಳೆಯುತ್ತಾರೆ. ಬಟ್ಟೆಗೆ ಹತ್ತಿಕೊಂಡ ಉಣುಗುಗಳನ್ನು ಚಿಮಟದಿಂದ ಹೆಕ್ಕಿ ಸೀಸೆಗಳಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಲ್ಲಿ ಅವುಗಳನ್ನು ಗುಂಪುಗುಂಪಾಗಿ ಅರೆದು ಪರೀಕ್ಷಿಸಲಾಗುತ್ತದೆ. ವೈರಸ್ ಇದೆಯೆಂದು ತಿಳಿದುಬಂದ ಕೂಡಲೇ ಸುತ್ತಲಿನ ಹಳ್ಳಿಗಳಿಗೆ ತೈಲವೂ ಎಚ್ಚರಿಕೆಯೂ ಹೋಗಬೇಕು, ಮರುದಿನ ಬೆಳಿಗ್ಗೆ ತರಗೆಲೆಗೆಂದು ಜನ ಬೆಟ್ಟ ಹತ್ತುವ ಮೊದಲು.