ಹೊಟ್ಟೆಯೊಳಗಿನ ಸದ್ದಿಲ್ಲದ ಉಬ್ಬು: 65 ದಾಟಿದ ಬೀಡಿ, ಸಿಗರೇಟ್ ಸೇದುವವರು ಒಮ್ಮೆ ಸ್ಕ್ಯಾನಿಂಗ್ ಮಾಡಿಸಿ

ಅಂಬಾಜಿದುರ್ಗ (ಚಿಂತಾಮಣಿ): ಹೊಟ್ಟೆ ನೋವು ಅಂದರೆ ಗ್ಯಾಸ್ಟ್ರಿಕ್, ಸೊಂಟ ನೋವು ಅಂದರೆ ತೋಟದ ಕೆಲಸ, ಪಕ್ಕೆ ಹಿಡಿದರೆ ಕಿಡ್ನಿ ಸ್ಟೋನ್. ನಮ್ಮ ಕಡೆ ಬಹುತೇಕರ ಲೆಕ್ಕ ಇದೇ. ಹೆಚ್ಚಿನ ಸಲ ಆ ಲೆಕ್ಕ ಸರಿಯಾಗಿಯೂ ಇರುತ್ತದೆ. ಆದರೆ ವಯಸ್ಸಾದ, ಬೀಡಿ ಸೇದುವ ಗಂಡಸರಲ್ಲಿ ಇದೇ ನೋವುಗಳ ಹಿಂದೆ ಇನ್ನೊಂದು ಕಾಯಿಲೆ ಅಡಗಿರಬಹುದು. ಅದು ದೇಹದ ಅತಿ ದೊಡ್ಡ ರಕ್ತನಾಳ ಉಬ್ಬಿಕೊಳ್ಳುವ ಕಾಯಿಲೆ. ವೈದ್ಯರು ಇದನ್ನು ಅಯೋರ್ಟಿಕ್ ಅನ್ಯೂರಿಸಂ ಎನ್ನುತ್ತಾರೆ. ಮೊದಲೇ ಗೊತ್ತಾದರೆ ಚಿಕಿತ್ಸೆ ಇದೆ. ಒಡೆದ ಮೇಲೆ ಗೊತ್ತಾದರೆ ಉಳಿಯುವವರು ಕಡಿಮೆ.

ಏನಿದು ಉಬ್ಬು?

ಹೃದಯದಿಂದ ಹೊರಟ ರಕ್ತವನ್ನು ಇಡೀ ದೇಹಕ್ಕೆ ಒಯ್ಯುವ ಮುಖ್ಯ ನಾಳವೇ ಮಹಾಪಧಮನಿ, ಅಂದರೆ ಅಯೋರ್ಟಾ. ಇದು ಎದೆಯಲ್ಲಿ ಬಿಲ್ಲಿನಂತೆ ಬಾಗಿ, ಬೆನ್ನುಮೂಳೆಯ ಮುಂದೆ ಕೆಳಗಿಳಿದು, ಹೊಕ್ಕುಳದ ಹತ್ತಿರ ಎರಡು ಕಾಲಿಗೆ ಎರಡು ಕವಲಾಗುತ್ತದೆ. ಹೊಟ್ಟೆಯ ಭಾಗದಲ್ಲಿ ಇದರ ಅಗಲ ಸುಮಾರು 2 ಸೆಂ.ಮೀ. ಅದು 3 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಾದರೆ ಅನ್ಯೂರಿಸಂ ಎಂದು ಲೆಕ್ಕ.

ಬಿಸಿಲಿಗೆ ಒಣಗಿ ಹಳತಾದ ಪೈಪನ್ನು ನೆನೆಸಿಕೊಳ್ಳಿ. ಮೋಟರ್ ಆನ್ ಮಾಡಿದಾಗ ಅದರ ಸವೆದ ಜಾಗ ಉಬ್ಬುತ್ತದೆ. ಉಬ್ಬಿದಷ್ಟೂ ಅಲ್ಲಿನ ಗೋಡೆ ತೆಳ್ಳಗಾಗಿ ಅದರ ಮೇಲೆ ಬೀಳುವ ಎಳೆತ ಹೆಚ್ಚುತ್ತದೆ. ಹಾಗಾಗಿ ಒಮ್ಮೆ ಶುರುವಾದ ಉಬ್ಬು ತಾನಾಗಿ ಇಳಿಯುವುದಿಲ್ಲ, ನಿಧಾನವಾಗಿ ಬೆಳೆಯುತ್ತಲೇ ಹೋಗಬಹುದು. ರಕ್ತನಾಳದಲ್ಲೂ ಆಗುವುದು ಇದೇ.

ಯಾರಿಗೆ ಅಪಾಯ ಹೆಚ್ಚು?

• ಬೀಡಿ, ಸಿಗರೇಟ್ ಸೇದುವವರು, ಹಿಂದೆ ಸೇದಿ ಬಿಟ್ಟವರು. ಹೊಟ್ಟೆಯ ಅನ್ಯೂರಿಸಂಗೆ ಇದೇ ಅತಿ ದೊಡ್ಡ ಕಾರಣ.
• 65 ವರ್ಷ ದಾಟಿದ ಗಂಡಸರು. ಹೆಂಗಸರಲ್ಲಿ ಇದು ಕಡಿಮೆ, ಆದರೆ ಬಂದರೆ ಚಿಕ್ಕ ಅಳತೆಯಲ್ಲೇ ಒಡೆಯುವ ಭಯ ಹೆಚ್ಚು.
• ಬಿಪಿ ಹತೋಟಿಯಲ್ಲಿ ಇಲ್ಲದವರು.
• ಅಪ್ಪ, ಅಮ್ಮ, ಅಣ್ಣ, ತಮ್ಮ, ಅಕ್ಕ, ತಂಗಿ ಇವರಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದವರು.

ಎದೆಯ ಭಾಗದಲ್ಲಿ ಬರುವ ಉಬ್ಬು ಕೆಲವು ಮನೆತನಗಳಲ್ಲಿ ಚಿಕ್ಕ ವಯಸ್ಸಿನವರಲ್ಲೂ ಕಾಣಿಸುತ್ತದೆ. ತುಂಬಾ ಎತ್ತರ, ಉದ್ದನೆಯ ಬೆರಳುಗಳು ಇರುವ ಮಾರ್ಫನ್ ಎಂಬ ಹುಟ್ಟುತೊಂದರೆ ಇದ್ದವರು ಹೃದಯದ ಎಕೋ ಪರೀಕ್ಷೆ ಮಾಡಿಸುವುದು ಅಗತ್ಯ.

ಲಕ್ಷಣ ಏನು?

ಕಷ್ಟ ಇರುವುದೇ ಇಲ್ಲಿ. ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಊಟ, ಕೆಲಸ, ನಿದ್ದೆ ಎಲ್ಲ ಮಾಮೂಲಿ. ಕೆಲವರಿಗೆ ಮಲಗಿದಾಗ ಹೊಕ್ಕುಳದ ಹತ್ತಿರ ನಾಡಿಯಂತೆ ಬಡಿತ ಕೈಗೆ ಸಿಗುತ್ತದೆ. ತೆಳ್ಳಗಿರುವ ಆರೋಗ್ಯವಂತರಲ್ಲೂ ಇಂಥ ಬಡಿತ ಸಿಗಬಹುದು, ಅದಕ್ಕೆ ಗಾಬರಿ ಬೇಡ. ಆದರೆ ವಯಸ್ಸಾದವರಲ್ಲಿ ಅಗಲವಾಗಿ ಬಡಿಯುವ ಗಡ್ಡೆಯಂತೆ ಅನಿಸಿದರೆ ‘ಬಟ್ಟಿ ಜಾರಿದೆ’ ಅಂತ ಹೊಟ್ಟೆ ತಿಕ್ಕಿಸಲು ಹೋಗಬಾರದು. ಮೊದಲು ಡಾಕ್ಟರಿಗೆ ತೋರಿಸಬೇಕು.

ಎಷ್ಟೋ ಜನರಲ್ಲಿ ಇದು ಪತ್ತೆಯಾಗುವುದು ಆಕಸ್ಮಿಕವಾಗಿ. ಕಲ್ಲಿಗೋ ಪ್ರಾಸ್ಟೇಟ್‌ಗೋ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದಾಗ ಕಣ್ಣಿಗೆ ಬೀಳುತ್ತದೆ. ಹೊಟ್ಟೆಯ ಅಲ್ಟ್ರಾಸೌಂಡ್ ಇದಕ್ಕೆ ಸಾಕು. ಸೂಜಿ ಇಲ್ಲ, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಬ್ರಿಟನ್ನಿನಲ್ಲಿ 65 ವರ್ಷ ತುಂಬುವ ಗಂಡಸರನ್ನೆಲ್ಲ ಸರ್ಕಾರವೇ ಒಮ್ಮೆ ಈ ಸ್ಕ್ಯಾನಿಂಗಿಗೆ ಕರೆಯುತ್ತದೆ. ನಮ್ಮಲ್ಲಿ ಹಾಗೆ ಕರೆಯುವ ಪದ್ಧತಿ ಇಲ್ಲ, ನಾವೇ ಕೇಳಬೇಕು. ಬೇರೆ ಕಾರಣಕ್ಕೆ ಸ್ಕ್ಯಾನಿಂಗಿಗೆ ಹೋದಾಗಲೂ ‘ಅಯೋರ್ಟಾ ಅಳತೆ ನೋಡಿ ಸಾರ್’ ಎಂದು ಕೇಳಬಹುದು.

ಉಬ್ಬು ಇದೆ ಅಂದ ತಕ್ಷಣ ಆಪರೇಷನ್ನಾ?

ಅಲ್ಲ. ಹೊಟ್ಟೆಯ ಉಬ್ಬು ಗಂಡಸರಲ್ಲಿ 5.5 ಸೆಂ.ಮೀ., ಹೆಂಗಸರಲ್ಲಿ ಸುಮಾರು 5 ಸೆಂ.ಮೀ. ತಲುಪಿದಾಗ, ಬೇಗ ಬೇಗ ಬೆಳೆಯುತ್ತಿದ್ದಾಗ ಅಥವಾ ನೋವು ಕೊಟ್ಟಾಗ ಆಪರೇಷನ್ ಯೋಚನೆ. ಅದಕ್ಕಿಂತ ಚಿಕ್ಕದನ್ನು ಆತುರದಿಂದ ಆಪರೇಷನ್ ಮಾಡಿದರೆ ಆಯುಷ್ಯವೇನೂ ಹೆಚ್ಚುವುದಿಲ್ಲ ಎಂದು ಬ್ರಿಟನ್, ಅಮೆರಿಕದ ದೊಡ್ಡ ಅಧ್ಯಯನಗಳು ತೋರಿಸಿವೆ. ಅಲ್ಲಿಯವರೆಗೆ ವೈದ್ಯರು ಹೇಳಿದ ಅವಧಿಗೆ ಸ್ಕ್ಯಾನಿಂಗ್, ಬಿಪಿ ಮತ್ತು ಕೊಲೆಸ್ಟ್ರಾಲ್ ಮಾತ್ರೆ, ಎಲ್ಲಕ್ಕಿಂತ ಮುಖ್ಯವಾಗಿ ಬೀಡಿ ಬಿಡುವುದು. ಸೇದುತ್ತಲೇ ಇದ್ದರೆ ಉಬ್ಬು ಬೇಗ ಬೆಳೆಯುತ್ತದೆ.

ಆಪರೇಷನ್ ಎರಡು ಬಗೆ. ಒಂದು, ಹೊಟ್ಟೆ ತೆರೆದು ಉಬ್ಬಿದ ಜಾಗದಲ್ಲಿ ಡೇಕ್ರಾನ್ ಬಟ್ಟೆಯ ಕೃತಕ ನಾಳ ಹೊಲಿಯುವುದು. ದೊಡ್ಡ ಆಪರೇಷನ್, ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು, ಆದರೆ ದೀರ್ಘಕಾಲ ಬಾಳಿಕೆ ಬರುತ್ತದೆ. ಇನ್ನೊಂದು, ತೊಡೆಸಂದಿಯ ರಕ್ತನಾಳದ ಮೂಲಕ ಮಡಚಿದ ಸ್ಟೆಂಟ್ ಗ್ರಾಫ್ಟ್ ಒಳಗೆ ಕಳಿಸಿ, ಉಬ್ಬಿನ ಒಳಗಡೆ ಬಿಚ್ಚುವುದು. ಅರ್ಜೆಂಟೀನಾದ ವೈದ್ಯ ಹುವಾನ್ ಪರೋಡಿ 1990ರಲ್ಲಿ ಈ ವಿಧಾನ ಮಾಡಿ ತೋರಿಸಿದರು. ಕೆಲವೇ ದಿನಕ್ಕೆ ಮನೆಗೆ ಬರಬಹುದು. ಆದರೆ ಸ್ಟೆಂಟಿನ ಅಕ್ಕಪಕ್ಕ ರಕ್ತ ಸೋರುತ್ತಿಲ್ಲವೇ ಎಂದು ಜೀವನಪೂರ್ತಿ ಸ್ಕ್ಯಾನಿಂಗ್ ಮಾಡಿಸುತ್ತಿರಬೇಕು. ಎಲ್ಲರ ನಾಳದ ಆಕಾರಕ್ಕೂ ಇದು ಹೊಂದುವುದಿಲ್ಲ.

ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್ ಸತ್ತಿದ್ದೂ ಇದೇ ಕಾಯಿಲೆಯಿಂದ. 1948ರಲ್ಲಿ ಅವರ ಹೊಟ್ಟೆಯ ಉಬ್ಬಿಗೆ ಸರ್ಜನ್ ರುಡಾಲ್ಫ್ ನಿಸ್ಸೆನ್ ಸೆಲ್ಲೋಫೇನ್ ಹಾಳೆ ಸುತ್ತಿದ್ದರು. ಆ ಕಾಲಕ್ಕೆ ಇದ್ದ ಉಪಾಯ ಅದು. 1955ರ ಏಪ್ರಿಲ್‌ನಲ್ಲಿ ಉಬ್ಬು ಒಡೆಯಿತು. ಐನ್‌ಸ್ಟೈನ್ ಮತ್ತೆ ಆಪರೇಷನ್ ಬೇಡ ಅಂದರು, ಏಪ್ರಿಲ್ 18ರಂದು ತೀರಿಕೊಂಡರು. ಅವರಿಗೆ ಸಿಗದಿದ್ದ ಚಿಕಿತ್ಸೆ ಇವತ್ತು ಬೆಂಗಳೂರಿನಲ್ಲೇ ಸಿಗುತ್ತದೆ.

ಖರ್ಚಿನ ಮಾತು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಉಚಿತ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ ಸಿಗುತ್ತದೆ. ಯಾವ ವಿಧಾನದ ಆಪರೇಷನ್ ಯಾವ ಆಸ್ಪತ್ರೆಯಲ್ಲಿ ಯೋಜನೆಯಡಿ ಆಗುತ್ತದೆ ಎಂದು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ, ಶಿಫಾರಸು ಪತ್ರ ಮಾಡಿಸಿಕೊಂಡರೆ ಅಲೆದಾಟ ತಪ್ಪುತ್ತದೆ.

ಇದು ತುರ್ತು, ಕಾಯಬೇಡಿ

ಹೊಟ್ಟೆ ಅಥವಾ ಬೆನ್ನಿನಲ್ಲಿ ಇದ್ದಕ್ಕಿದ್ದಂತೆ ಸಹಿಸಲಾಗದ ನೋವು, ತಣ್ಣನೆ ಬೆವರು, ತಲೆಸುತ್ತಿ ಬೀಳುವುದು: ಇವು ಒಟ್ಟಿಗೆ ಬಂದರೆ ಉಬ್ಬು ಒಡೆದಿರಬಹುದು. ಎದೆ ಸೀಳಿದಂಥ ನೋವು ಬೆನ್ನಿಗೆ ಹರಿದರೆ ಮಹಾಪಧಮನಿಯ ಒಳಪದರ ಹರಿದಿರಬಹುದು. ಸೋಡಾ, ಗ್ಯಾಸ್ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಚಿಂತಾಮಣಿಯಿಂದ ಬೆಂಗಳೂರು ಸುಮಾರು 75 ಕಿ.ಮೀ. ದೂರ ಇದೆ, ಇಲ್ಲಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಉಬ್ಬು ಇದೆ ಎಂದು ಗೊತ್ತಿರುವವರ ಸ್ಕ್ಯಾನಿಂಗ್ ರಿಪೋರ್ಟ್ ಮನೆಯಲ್ಲಿ ಎಲ್ಲರಿಗೂ ಸಿಗುವ ಜಾಗದಲ್ಲಿರಲಿ. ಆಸ್ಪತ್ರೆಗೆ ಹೋದ ಕೂಡಲೇ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತೂ ಅದೇ.