ನದಿಯಿಲ್ಲದ ಊರಿನ ನೀರಿನ ಲೆಕ್ಕ

ದೊಡ್ಡ ನಗರಗಳು ನದಿ ದಂಡೆಯಲ್ಲಿ ಹುಟ್ಟುತ್ತವೆ ಎಂಬ ಮಾತು ಬೆಂಗಳೂರಿಗೆ ಅನ್ವಯಿಸುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯೊಂದರ ಬೆನ್ನಿನ ಮೇಲೆ ಈ ಊರು ಬೆಳೆದಿದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯತ್ತ ಹೋಗುತ್ತದೆ.

ಹೀಗೆ ಎರಡೂ ಕಡೆಗೆ ಇಳಿದುಹೋಗುವ ನೀರನ್ನು ತಡೆಯಲು ಹಿಂದಿನವರು ಕಂಡುಕೊಂಡ ಉಪಾಯವೇ ಕೆರೆಗಳ ಸರಣಿ. ಮೇಲಿನ ಕೆರೆ ಕೋಡಿ ಬಿದ್ದರೆ ಕಾಲುವೆಯಲ್ಲಿ ಹರಿದ ನೀರು ಕೆಳಗಿನ ಕೆರೆಗೆ. ಇಂದು ಚರಂಡಿಯೆಂದೇ ಜನ ತಿಳಿದಿರುವ ರಾಜಕಾಲುವೆಗಳ ಮೂಲ ಕೆಲಸ ಇದು.

ಕೆರೆಗಳ ಗ್ರಹಗತಿ ಬದಲಾದದ್ದು ನಲ್ಲಿ ಬಂದ ಮೇಲೆ. ಅರ್ಕಾವತಿ ನೀರು 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬಂತು. ಕುಡಿಯಲು ಬೇಡವಾದ ಕೆರೆ ಖಾಲಿ ಜಾಗವಾಗಿ ಕಾಣತೊಡಗಿತು. ಧರ್ಮಾಂಬುಧಿ ಕೆರೆಯಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಎದ್ದಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅಲ್ಲಿ ಉಳಿದ ಪುಟ್ಟ ಕೊಳಕ್ಕೆ ಕರಗದ ವೇಳೆ ಪೂಜೆ ಮಾತ್ರ ತಪ್ಪಿಲ್ಲ.

1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತ ಮುಗಿಯಿತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಮೂರು ಕಡೆ ಪಂಪ್ ಮಾಡಿ ನೀರು ತರಬೇಕು. 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಕರೆಂಟಿನ ಖರ್ಚೇ ಜಲಮಂಡಳಿಗೆ ದೊಡ್ಡ ಹೊರೆ.

ಇಷ್ಟಾದರೂ ಹಳೆಯ ದಿಣ್ಣೆಯನ್ನು ಮರೆಯುವಂತಿರಲಿಲ್ಲ. ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ, ಅಗತ್ಯದ ಅರ್ಧದಷ್ಟು ಅಂತರ್ಜಲದಿಂದ ಸಿಗುತ್ತದೆ ಎಂದು ಲೆಕ್ಕ ಹಾಕಿ ಕಾವೇರಿ ನ್ಯಾಯಮಂಡಳಿ 2007ರಲ್ಲಿ ತೀರ್ಪು ಕೊಟ್ಟಿತು. ಮಳೆ ಎತ್ತ ಹರಿಯುತ್ತದೆ ಎಂಬುದರ ಮೇಲೆ ನಲ್ಲಿಯ ಪಾಲು ನಿಂತಿತು! ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. 2018ರ ಫೆಬ್ರವರಿಯಲ್ಲಿ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಸಿಕ್ಕ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿಗೆಂದೇ ಬಂತು.

ಬಳಸಿ ಚೆಲ್ಲಿದ ನೀರಿಗೆ ಕೋರ್ಟಿನ ಗಡಿ ತಿಳಿಯದು. ಅಷ್ಟು ಕಷ್ಟಪಟ್ಟು ಏರಿಸಿದ ಕಾವೇರಿಯ ದೊಡ್ಡ ಪಾಲು ಕೊಳಚೆಯಾಗಿ ಪೂರ್ವಕ್ಕೆ ಇಳಿದು ಬೆಳ್ಳಂದೂರು ಸೇರಿತು. ನೊರೆ ಉಕ್ಕಿದ ಆ ಕೆರೆಗೆ 2015ರಲ್ಲಿ ಬೆಂಕಿಯೇ ಹೊತ್ತಿಕೊಂಡಿತ್ತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ 2018ರಿಂದ ಕೋಲಾರದ ಬತ್ತಿದ ಕೆರೆಗಳಿಗೆ ಹರಿಸಲಾಗುತ್ತಿದೆ. ಮೂರನೇ ಹಂತದ ಶುದ್ಧೀಕರಣವೂ ಆಗಲೇಬೇಕೆಂಬ ಕೂಗು ಅಲ್ಲಿಯ ರೈತರದು.