ಡೀಸೆಲ್ ಮುಳ್ಳು ಸುಳ್ಳು ಹೇಳುವುದೇಕೆ?



ಟೊಮ್ಯಾಟೊ ತುಂಬಿಕೊಂಡು ಹೋಗುವ ಪಿಕಪ್ ಗಾಡಿಗಳನ್ನು ನಾವೆಲ್ಲ ದಿನಾ ನೋಡುತ್ತೇವೆ. ಅದರ ಡ್ರೈವರ್ ಮುಂದೆ ‘ಇ’ ಮತ್ತು ‘ಎಫ್’ ಎಂದು ಬರೆದಿರುವ ಒಂದು ಮೀಟರು ಇರುತ್ತದೆ. ಇ ಅಂದರೆ ಖಾಲಿ, ಎಫ್ ಅಂದರೆ ಭರ್ತಿ. ಈ ಮೀಟರಿನ ಮುಳ್ಳು ತಪ್ಪು ತೋರಿಸಿದರೆ ಯಾವ ಭಾಗ ಕೆಟ್ಟಿದೆ ಎಂದು ಹುಡುಕುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮುಳ್ಳು ಕೆಟ್ಟರೆ ಆಗುವ ನಷ್ಟ

ನಮ್ಮ ಚಿಕ್ಕಪ್ಪ ಒಂದು ರಾತ್ರಿ 90 ಬಾಕ್ಸ್ ಟೊಮ್ಯಾಟೊ ತುಂಬಿಕೊಂಡು ಕೋಲಾರದ ಎ.ಪಿ.ಎಂ.ಸಿ. ಮಂಡಿಗೆ ಹೊರಟರು. ಮುಳ್ಳು ಅರ್ಧಕ್ಕಿತ್ತು. “ಅರ್ಧ ಟ್ಯಾಂಕ್ ಐತೆ, ಬರೋವಾಗ ಹಾಕಿಸ್ತೀನಿ” ಅಂತ ಹೋದರು. ದಾರಿಯಲ್ಲೇ ಗಾಡಿ ನಿಂತಿತು. ಟ್ಯಾಂಕು ಖಾಲಿ! ಕ್ಯಾನಿನಲ್ಲಿ ಡೀಸೆಲ್ ತಂದು ಹಾಕಿದರೂ ಸ್ಟಾರ್ಟ್ ಆಗಲಿಲ್ಲ. ಏಕೆಂದರೆ ಡೀಸೆಲ್ ಪೂರ್ತಿ ಮುಗಿದರೆ ಪೈಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಆ ಗಾಳಿಯನ್ನು ತೆಗೆಯುವವರೆಗೆ ಎಂಜಿನ್ನಿಗೆ ಡೀಸೆಲ್ ಸರಿಯಾಗಿ ಹೋಗುವುದಿಲ್ಲ. ಮಂಡಿ ಸೇರುವಷ್ಟರಲ್ಲಿ ಹರಾಜು ಮುಗಿದಿತ್ತು. ಆ ಬಾಕ್ಸುಗಳಲ್ಲಿ ಅಕ್ಕಪಕ್ಕದ ಎರಡು ಮನೆಯವರ ಹಣ್ಣೂ ಇತ್ತು. ಅವರಿಗೆ ಏನು ಹೇಳೋದು ಅಂತ ಚಿಕ್ಕಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ?

ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡನ್ನು ನೀವು ನೋಡಿರಬಹುದು. ಡೀಸೆಲ್ ಟ್ಯಾಂಕಿನಲ್ಲೂ ಹಾಗೆಯೇ ಒಂದು ಫ್ಲೋಟ್ ತೇಲುತ್ತಿರುತ್ತದೆ. ಅದಕ್ಕೆ ಒಂದು ತೆಳ್ಳನೆಯ ಕಂಬಿ. ಡೀಸೆಲ್ ಇಳಿದಂತೆ ಫ್ಲೋಟ್ ಇಳಿಯುತ್ತದೆ, ಕಂಬಿಯ ಇನ್ನೊಂದು ತುದಿ ಒಂದು ರೋಧಕದ ಪಟ್ಟಿಯ ಮೇಲೆ ಜಾರುತ್ತದೆ. ರೇಡಿಯೋದ ವಾಲ್ಯೂಮ್ ತಿರುಗಿಸಿದ ಹಾಗೆಯೇ ಇದು. ಇದೆಲ್ಲ ಸೇರಿದ್ದಕ್ಕೆ ಗ್ಯಾರೇಜಿನಲ್ಲಿ ‘ಟ್ಯಾಂಕ್ ಯೂನಿಟ್’ ಅನ್ನುತ್ತಾರೆ.

ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸ್, ಮೀಟರು, ವೈರು, ಟ್ಯಾಂಕ್ ಯೂನಿಟ್ ದಾಟಿ, ಗಾಡಿಯ ಕಬ್ಬಿಣದ ಮೂಲಕ (ಇದೇ ಅರ್ತ್) ಬ್ಯಾಟರಿಗೆ ವಾಪಸ್ಸು ಬರುತ್ತದೆ. ಪಾಠದಲ್ಲಿ ಓದಿದ ವಿದ್ಯುತ್ ಮಂಡಲ ಇದೇ. ಒಂದು ಬಗೆಯ ಗಾಡಿಗಳಲ್ಲಿ ಟ್ಯಾಂಕು ಖಾಲಿಯಾದಾಗ ರೋಧ ಸುಮಾರು 240 ಓಮ್, ಭರ್ತಿಯಾದಾಗ ಸುಮಾರು 33 ಓಮ್ ಇರುತ್ತದೆ. ಇನ್ನೊಂದು ಬಗೆಯಲ್ಲಿ ಇದು ಉಲ್ಟಾ. ಖಾಲಿಗೆ ಸುಮಾರು 10, ಭರ್ತಿಗೆ ಸುಮಾರು 180. ಚಿಕ್ಕಪ್ಪನ ಗಾಡಿ ಭರ್ತಿಯಾದಾಗ ರೋಧ ಕಡಿಮೆಯಾಗುವ ಬಗೆಯದು.

ಕಳ್ಳನನ್ನು ಹಿಡಿಯುವುದು

ಕೆಲವರು “ಹೊಸ ಮೀಟರ್ ಹಾಕಿಬಿಡಿ” ಅಂದರು. ಗ್ಯಾರೇಜಿನ ಅಣ್ಣ ಮಾತ್ರ, “ಮುಳ್ಳಿಗೆ ಕಣ್ಣಿಲ್ಲ, ವೈರು ಹೇಳಿದ್ದನ್ನ ಅದು ತೋರಿಸ್ತದೆ. ಯಾರು ಸುಳ್ಳು ಹೇಳ್ತಾವ್ರೆ ಮೊದಲು ನೋಡೋಣ” ಅಂದರು. ಅವರು ಮಾಡಿದ ಪರೀಕ್ಷೆ ಹೀಗಿತ್ತು.

1. ಫ್ಯೂಸ್ ನೋಡಿದರು. ಸರಿಯಿತ್ತು.
2. ಟ್ಯಾಂಕ್ ಯೂನಿಟ್ಟಿನ ವೈರು ಬಿಚ್ಚಿ ಕೀ ಆನ್ ಮಾಡಿದರು. ಮುಳ್ಳು ಪೂರ್ತಿ ‘ಇ’ಗೆ ಇಳಿಯಿತು.
3. ಅದೇ ವೈರನ್ನು ಒಂದು ಕ್ಷಣ ಅರ್ತಿಗೆ ಮುಟ್ಟಿಸಿದರು. ಮುಳ್ಳು ‘ಎಫ್’ ಕಡೆಗೆ ಏರಿತು.

ಮುಳ್ಳು ಎಲ್ಲೂ ತಡೆಯದೆ ಎರಡೂ ಕಡೆ ಓಡಾಡಿತು ಅಂದಮೇಲೆ ಮೀಟರೂ ಸರಿ, ವೈರೂ ಸರಿ. ಹಾಗಾದರೆ ಕಳ್ಳ ಟ್ಯಾಂಕಿನಲ್ಲೇ ಇದ್ದಾನೆ! ಮುಳ್ಳು ಅಲ್ಲಾಡದೇ ಇದ್ದಿದ್ದರೆ ಮೀಟರು ಅಥವಾ ವೈರಿನಲ್ಲಿ ಹುಡುಕಬೇಕಿತ್ತು. ಉಲ್ಟಾ ಬಗೆಯ ಗಾಡಿಯಲ್ಲಿ ಮುಳ್ಳು ಓಡುವ ದಿಕ್ಕೂ ಉಲ್ಟಾ.

ರಿಪೇರಿ

ಬ್ಯಾಟರಿ ವೈರು ತೆಗೆದು, ಟ್ಯಾಂಕ್ ಯೂನಿಟ್ ಬಿಚ್ಚಿ ಹೊರಗೆ ತೆಗೆದರು. ನಾನು ಟಾರ್ಚ್ ಹಿಡಿದಿದ್ದೆ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಡೀಸೆಲ್ ಸದ್ದು ಬಂದರೆ ಅದು ತೂತಾಗಿದೆ ಎಂದರ್ಥ. ತೂತಾದ ಫ್ಲೋಟ್ ಮುಳುಗುವುದರಿಂದ ಮುಳ್ಳು ಯಾವಾಗಲೂ ಖಾಲಿ ಅನ್ನುತ್ತದೆ. ನಮ್ಮದರಲ್ಲಿ ಸದ್ದು ಬರಲಿಲ್ಲ. ಆಮೇಲೆ ಮಲ್ಟಿಮೀಟರ್ ಜೋಡಿಸಿ ಕಂಬಿಯನ್ನು ನಿಧಾನವಾಗಿ ಇಳಿಸಿದರು. ಅರ್ಧದವರೆಗೆ ಓಮ್ ಸರಿಯಾಗಿ ಏರಿತು. ಅಲ್ಲಿಗೆ ಬಂದು ಕಂಬಿ ಸಿಕ್ಕಿಹಾಕಿಕೊಂಡಿತು. ಕೀಲಿನಲ್ಲಿ ತುಕ್ಕು, ಕೆಸರು ಕೂತಿತ್ತು. ಅದಕ್ಕೇ ಟ್ಯಾಂಕು ಬರಿದಾದರೂ ಮುಳ್ಳು ಅರ್ಧದಲ್ಲೇ ನಿಂತಿತ್ತು. ಉಜ್ಜಿ ತೊಳೆದು, ಕಂಬಿ ಸಲೀಸಾಗಿ ಆಡುವಂತೆ ಮಾಡಿ, ಹೊಸ ವಾಷರ್ ಹಾಕಿ ಕೂರಿಸಿದರು. ಹೊಸ ಮೀಟರು ಬೇಕಾಗಲೇ ಇಲ್ಲ.

ಎಚ್ಚರಿಕೆ

ಈ ಕೆಲಸ ದೊಡ್ಡವರು ಮಾಡಬೇಕು. ನಾವು ನೋಡಿ ಕಲಿಯಬಹುದು. ಹತ್ತಿರ ಬೀಡಿ, ಬೆಂಕಿ ಇರಬಾರದು. ತೆರೆದ ಟ್ಯಾಂಕಿನ ಬಳಿ ವೈರು ಮುಟ್ಟಿಸಿ ಕಿಡಿ ಹಾರಿಸಬಾರದು. ಪೆಟ್ರೋಲ್ ಗಾಡಿಯಲ್ಲಂತೂ ಅಪಾಯ ಬಹಳ ಹೆಚ್ಚು. ಕಂಪ್ಯೂಟರ್ ಇರುವ ಹೊಸ ಗಾಡಿಗಳಲ್ಲಿ ವೈರನ್ನು ಹೀಗೆ ಅರ್ತಿಗೆ ಮುಟ್ಟಿಸಲೂಬಾರದು.

ಕೊನೆಯದಾಗಿ ಒಂದು ಲೆಕ್ಕ

ಗಾಡಿ ಲೀಟರಿಗೆ 12 ಕಿ.ಮೀ. ಓಡುತ್ತದೆ ಎಂದುಕೊಳ್ಳಿ. 20 ಲೀಟರ್ ಹಾಕಿಸಿದರೆ ಎಷ್ಟು ದೂರ ಹೋಗಬಹುದು? 240 ಕಿ.ಮೀ. ಆದರೆ ಲೋಡ್ ಇದ್ದರೆ, ಏರು ರಸ್ತೆ ಇದ್ದರೆ ಕಡಿಮೆಯಾಗುತ್ತದೆ. ಆದ್ದರಿಂದ 200 ಆಗುವ ಮುಂಚೆಯೇ ಬಂಕಿಗೆ ಹೋಗುವುದು ಒಳ್ಳೆಯದು. ಡೀಸೆಲ್ ಹಾಕಿಸಿದಾಗಲೆಲ್ಲ ಕಿಲೋಮೀಟರ್ ಬರೆದಿಡಲು ಒಂದು ಹಳೇ ನೋಟ್ ಪುಸ್ತಕ ಸಾಕು. ಆಗ ಮುಳ್ಳು ಒಂದು ಹೇಳಿ, ಲೆಕ್ಕ ಇನ್ನೊಂದು ಹೇಳಿದರೆ ತಕ್ಷಣ ಗೊತ್ತಾಗುತ್ತದೆ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಗಾಡಿಯ ಮೀಟರಿಗೂ ಸಲ್ಲುತ್ತದೆ. ನಿಮ್ಮ ಮನೆಯಲ್ಲಿ ಗಾಡಿ ಇದ್ದರೆ ಈ ಲೆಕ್ಕವನ್ನು ಇವತ್ತೇ ಶುರು ಮಾಡಿ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ